ಪಂದ್ಯಕ್ಕೆ ಹೋಗದ ಈಜುಗಾರ್ತಿಯರು

ಹೋದ ತಿಂಗಳು ವಿದ್ಯಾರಣ್ಯಪುರದಲ್ಲಿ ನಮ್ಮ ಓರಗಿತ್ತಿ ಮಗಳ ಸೀಮಂತ. ಊಟ ಮುಗಿಸಿ ಎಲೆ ಅಡಿಕೆ ಹಾಕ್ಕೊಂಡು ಕೂತಿದ್ವಿ. ನಮ್ಮ ನಾದಿನಿ ಎಲ್ಲರ ಮುಂದೆ ಕೇಳೇಬಿಟ್ಲು: "ಏನತ್ತಿಗೆ, ಹತ್ತು ವರ್ಷದಿಂದ ಬೆಳಗ್ಗೆ ಐದಕ್ಕೆದ್ದು ಈಜಕ್ಕೆ ಹೋಗ್ತೀರಲ್ಲ, ಒಂದು ಮೆಡಲ್ಲಾದ್ರೂ ತಂದ್ರಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಅವಳು ಕೆಟ್ಟ ಮನಸ್ಸಿಂದ ಕೇಳಿದ್ದಲ್ಲ. ಆದರೆ ಮನೆಗೆ ಬಂದ ಮೇಲೂ ಆ ಮಾತು ತಲೆಯಿಂದ ಹೋಗ್ಲಿಲ್ಲ. ಇಷ್ಟು ಕಷ್ಟಪಟ್ಟು ಕಲ್ತು, ಇಷ್ಟು ವರ್ಷ ಬಿಡದೆ ಮಾಡಿ, ಪಂದ್ಯ ಮಾತ್ರ ಬೇಡ ಅಂತೀವಲ್ಲ, ಯಾಕೆ? ಉತ್ತರ ಹುಡುಕ್ತಾ ಹೋದ್ರೆ ದೊಡ್ಡಮ್ಮನ ಕಾಲದ ಬಾವಿಯಿಂದ ಹೆಸರಘಟ್ಟದ ನಲ್ಲಿ ನೀರಿನ ತನಕ ಎಲ್ಲೆಲ್ಲೋ ಸುತ್ತಬೇಕಾಯ್ತು. ಅದನ್ನೇ ಬರೀತಿದ್ದೀನಿ, ಪುರುಸೊತ್ತಾದಾಗ ಓದಿ.

ಮೊದಲು ನಾವೇನು ಮಾಡ್ತೀವಿ ಅಂತ ಹೇಳ್ಬಿಡ್ತೀನಿ. ಹೆಂಗಸರ ಬ್ಯಾಚು ಅಂದ್ರೆ ಕತ್ತಿನ ಮಟ್ಟ ನೀರಲ್ಲಿ ನಿಂತು ಸಾರಿನ ಪುಡಿ ವಿಚಾರ ಮಾತಾಡೋದು ಅಂತ ಬಹಳ ಜನ ಅಂದ್ಕೊಂಡಿದ್ದಾರೆ. ಯಲಹಂಕ ಕಡೆ ನಾವು ಹೋಗೋ ಕೊಳ 25 ಮೀಟರ್ ಉದ್ದ. ಈ ಕೊನೆಯಿಂದ ಆ ಕೊನೆಗೆ 60 ಸಲ ಹೋದ್ರೆ 1500 ಮೀಟರ್. ಮೊದಲು ಮೈ ಬಿಸಿಯಾಗಕ್ಕೆ 200 ಮೀಟರ್ ನಿಧಾನವಾಗಿ. ಆಮೇಲೆ ಹಲಗೆ ಹಿಡ್ಕೊಂಡು ಬರೀ ಕಾಲು ಬಡಿಯೋದು. ಆಮೇಲೆ ತೊಡೆ ಮಧ್ಯೆ ಬೆಂಡು ಸಿಕ್ಕಿಸ್ಕೊಂಡು ಬರೀ ಕೈ. ಆಮೇಲೆ 100 ಮೀಟರ್‌ನ ಎಂಟು ಸುತ್ತು, ಸುತ್ತಿಗೂ ಸುತ್ತಿಗೂ ಮಧ್ಯೆ 20 ಸೆಕೆಂಡ್ ಮಾತ್ರ ಬಿಡುವು. ಮೂರು ಕೈ ಬೀಸಿಗೊಂದು ಉಸಿರು, ಒಂದ್ಸಲ ಎಡಕ್ಕೆ, ಒಂದ್ಸಲ ಬಲಕ್ಕೆ. ಕೊನೇಲಿ ನಿಧಾನವಾಗಿ ಈಜ್ತಾ ಲೆಕ್ಕ ತುಂಬಿಸೋದು. ಇದಿಷ್ಟು ವಾರಕ್ಕೆ ಐದು ದಿನ. ಮಳೆ ಬಂದ್ರೂ ಸೈ, ಮನೆಗೆ ನೆಂಟರು ಬಂದ್ರೂ ಸೈ.

ನಾವು ಆರು ಜನ. ಒಬ್ಬರು ರಿಟೈರ್ ಆಗಿರೋ ಟೀಚರ್, ಒಬ್ಬರು ಆಸ್ಪತ್ರೆ ನರ್ಸ್, ಒಬ್ಬಳು ಬಟ್ಟೆ ಹೊಲಿಯೋಳು. ಒಬ್ಬರು ಬ್ಯಾಂಕಿನವರು. ಇನ್ನಿಬ್ಬರು, ನಾನೂ ಸೇರಿ, ಮನೇಲಿರೋರು. ಎರಡು ವರ್ಷದ ಹಿಂದೆ ನಮ್ಮ ಕೋಚ್ ಹುಡುಗ ಬಂದು, "ಆಂಟಿ, ಮಾಸ್ಟರ್ಸ್ ಮೀಟ್ ಇದೆ, ನಿಮ್ಮ ವಯಸ್ಸಿನವರ ಗುಂಪಲ್ಲಿ ನಿಮಗೆ ಮೆಡಲ್ ಖಂಡಿತ, ಹೆಸರು ಕೊಡ್ಲಾ?" ಅಂದ. ಮಾಸ್ಟರ್ಸ್ ಅಂದ್ರೆ ದೊಡ್ಡವರಿಗೆ ನಡೆಸೋ ಪಂದ್ಯ. ಐದೈದು ವರ್ಷಕ್ಕೊಂದು ಗುಂಪು, 50ರಿಂದ 54ರೋರು ಒಂದ್ಕಡೆ, 55ರಿಂದ 59ರೋರು ಇನ್ನೊಂದ್ಕಡೆ, ಹಿಂಗೆ.

ಆರು ಜನವೂ ಬೇಡ ಅಂದ್ವಿ. ಟೀಚರ್ ಹೇಳಿದ್ರು, "ಮೂವತ್ತು ವರ್ಷ ಬೇರೆಯವರಿಗೆ ಮಾರ್ಕ್ಸ್ ಹಾಕಿದ್ದೀನಪ್ಪ. ಇದೊಂದನ್ನಾದ್ರೂ ಮಾರ್ಕ್ಸ್ ಇಲ್ಲದೆ ಮಾಡ್ತೀನಿ." ನರ್ಸ್ ಹೇಳಿದ್ರು, "ದಿನವೆಲ್ಲ ಗಡಿಯಾರ ನೋಡ್ಕೊಂಡೇ ಓಡ್ತೀನಿ. ಇಲ್ಲಿ ಗಡಿಯಾರ ನಂದು, ನಾನು ಗಡಿಯಾರದೋಳಲ್ಲ." ಬಟ್ಟೆ ಹೊಲಿಯೋಳು ಮಾತ್ರ ಏನೂ ಹೇಳದೆ ತಲೆ ಆಡಿಸಿದ್ಲು. ಅವಳ ವಿಚಾರಕ್ಕೆ ಆಮೇಲೆ ಬರ್ತೀನಿ.

ಈಗ ಹಿಂದಕ್ಕೆ ಹೋಗೋಣ.

ನಮ್ಮ ದೊಡ್ಡಮ್ಮ, ಅಂದ್ರೆ ಅಮ್ಮನ ಅಕ್ಕ, ಹುಟ್ಟಿದ್ದು ಯಲಹಂಕದಿಂದ ದೊಡ್ಡಬಳ್ಳಾಪುರಕ್ಕೆ ಹೋಗೋ ದಾರೀಲಿ ಒಂದು ಹಳ್ಳೀಲಿ. ದ್ರಾಕ್ಷಿ ತೋಟ, ತೋಟದಲ್ಲಿ ಕಪಿಲೆ ಬಾವಿ. ಎತ್ತು ಕಟ್ಟಿ ಕಪಿಲೆಯಲ್ಲಿ ನೀರು ಸೇದ್ತಿದ್ದ ಕಾಲ. ಆ ಬಾವೀಲಿ ಈಜು ಕಲಿಸ್ತಾ ಇದ್ದಿದ್ದು ಹೆಂಗೆ ಅಂತ ದೊಡ್ಡಮ್ಮ ಹೇಳೋರು. ಒಣಗಿದ ಸೋರೆಬುರುಡೆ ಎರಡನ್ನ ಹಗ್ಗದಲ್ಲಿ ಬೆನ್ನಿಗೆ ಕಟ್ಟಿ ನೀರಿಗೆ ಬಿಡೋರು. ಒಂದು ವಾರ ಕೈಕಾಲು ಬಡಿದಾದ ಮೇಲೆ ಒಂದು ಬುರುಡೆ ಬಿಚ್ಚೋರು. ಆಮೇಲೆ ಎರಡೂ ಬಿಚ್ಚೋರು. ಆಮೇಲೆ ಅಂಗಾತ ತೇಲೋದು. ಆಮೇಲೆ ಕಟ್ಟೆ ಮೇಲಿಂದ ಧುಮುಕೋದು. ಕೊನೆ ಪರೀಕ್ಷೆ ಅಂದ್ರೆ ತಳಕ್ಕೆ ಹೋಗಿ ಒಂದು ಹಿಡಿ ಮಣ್ಣು ತಂದು ತೋರಿಸೋದು. ಮಣ್ಣು ತಂದ್ರೆ ಪಾಸು. ಯಾರು ಮೊದಲು ತಂದ್ರು, ಯಾರು ಆಮೇಲೆ ತಂದ್ರು ಅಂತ ಯಾರೂ ಬರೆದಿಟ್ಟುಕೊಳ್ತಾ ಇರ್ಲಿಲ್ಲ.

ನೋಡಿ, ಇದು ಆಟ ಅಲ್ಲ. ಮೆಟ್ಟಿಲು ಮೆಟ್ಟಿಲಾಗಿ, ಒಂದು ಬಿಟ್ಟು ಒಂದು ಕಲಿಯಂಗಿಲ್ಲ ಅನ್ನೋ ಹಂಗೆ, ಕಟ್ಟುನಿಟ್ಟಾದ ಪಾಠ. ಪಂದ್ಯ ಇಲ್ಲದಿದ್ರೆ ಶಿಸ್ತು ಇರಲ್ಲ ಅಂತ ಯಾರಾದ್ರೂ ಅಂದ್ರೆ ನನಗೆ ಆ ಸೋರೆಬುರುಡೆ ನೆನಪಾಗತ್ತೆ.

ಇನ್ನೂ ಹಿಂದಕ್ಕೆ ಹೋದ್ರೂ ಅಷ್ಟೆ. ನಮ್ಮ ಹಳೇ ಕಾವ್ಯಗಳಲ್ಲಿ ಹದಿನೆಂಟು ವರ್ಣನೆ ಇರಬೇಕು ಅಂತ ಒಂದು ಪದ್ಧತಿ, ಅದರಲ್ಲಿ ಜಲಕ್ರೀಡೆಯೂ ಒಂದು. ಕಲ್ಯಾಣದ ಚಾಲುಕ್ಯರ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ ಮಾನಸೋಲ್ಲಾಸದಲ್ಲೂ ರಾಜರ ವಿನೋದಗಳ ಪಟ್ಟೀಲಿ ನೀರಾಟ ಬರತ್ತೆ. ಅಲ್ಲೆಲ್ಲ ಹೆಂಗಸರು ನೀರಿಗೆ ಇಳೀತಾರೆ, ನಿಜ. ಆದರೆ ದಡದಲ್ಲಿ ನಿಂತವರ ಕಣ್ಣಿಗೆ ಹೆಂಗೆ ಕಾಣ್ತಾರೆ ಅನ್ನೋದೇ ಅಲ್ಲಿ ಮುಖ್ಯ. ನೀರೊಳಗಿರೋಳಿಗೆ ಏನನ್ನಿಸ್ತು ಅಂತ ಕೇಳಿದವರು ಕಮ್ಮಿ.

ದೊಡ್ಡಮ್ಮನಿಗೆ ಏನನ್ನಿಸ್ತಿತ್ತು ಅಂತ ನಾನು ಕೇಳಿದ್ದೆ. "ಕಿವಿ ಮುಚ್ಕಂತದೆ ಕಣಮ್ಮಿ. ಮನೆ ಕೂಗಾಟ ಯಾವ್ದೂ ಕೇಳಕ್ಕಿಲ್ಲ. ಅಷ್ಟೇಯ," ಅಂದಿದ್ರು.

ಆ ಬಾವಿಗಳು ಎಲ್ಲಿ ಹೋದ್ವು? ಅದರ ಕತೆ ನಮ್ಮ ಉತ್ತರದ ಕಡೆಯಿಂದಲೇ ಶುರು. ಮೊದಲೆಲ್ಲ ಬೆಂಗಳೂರಿನವರಿಗೆ ಕೆರೆ, ಕಲ್ಯಾಣಿ, ಬಾವಿ ನೀರೇ ಗತಿ. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಹೆಸರಘಟ್ಟ ಕೆರೆಯಿಂದ ಊರಿಗೆ ನೀರು ತರೋ ಯೋಜನೆ ಆಯ್ತು. ಸೋಲದೇವನಹಳ್ಳಿ ಹತ್ರ ಉಗಿ ಯಂತ್ರ ಇಟ್ಟು ನೀರನ್ನ ಮೇಲಕ್ಕೆತ್ತಿ, 1896ರಲ್ಲಿ ಬೆಂಗಳೂರಿಗೆ ಕೊಳವೆ ನೀರು ಬಂತು. ಹೆಂಗಸರ ತಲೆ ಮೇಲಿನ ಬಿಂದಿಗೆ ಇಳಿಸಿದ ಯೋಜನೆ ಅದು, ಅದನ್ನ ಬೈಯೋ ಹಂಗಿಲ್ಲ. ಆದರೆ ನಲ್ಲಿ ಬಂದ ಮೇಲೆ ಊರೊಳಗಿನ ಬಾವಿ ಒಂದೊಂದಾಗಿ ಕಸದ ಗುಂಡಿ ಆದವು. ಕೆರೆಗಳೂ ಹೋದವು. ಧರ್ಮಾಂಬುಧಿ ಕೆರೆ ಇದ್ದ ಜಾಗದಲ್ಲಿ ಇವತ್ತು ಮೆಜೆಸ್ಟಿಕ್ ಬಸ್ ಸ್ಟ್ಯಾಂಡು. ಸಂಪಂಗಿ ಕೆರೆ ಇದ್ದ ಜಾಗದಲ್ಲಿ ಕಂಠೀರವ ಕ್ರೀಡಾಂಗಣ. ಮಲ್ಲೇಶ್ವರದ ಗಂಗಮ್ಮನ ಗುಡಿ ಎದುರಿನ ನಂದಿತೀರ್ಥದ ಕಲ್ಯಾಣಿಯಂತೂ ಮಣ್ಣಲ್ಲಿ ಹೂತೇ ಹೋಗಿತ್ತು, 1997ರಲ್ಲಿ ಅಗೆದು ತೆಗೆದ್ರು. ಹಳ್ಳಿ ಕಡೆ ಬಾವಿಗಳು ಇನ್ನೂ ಸ್ವಲ್ಪ ವರ್ಷ ಉಳಿದ್ವು. ಬೋರ್‌ವೆಲ್ ಬಂದ ಮೇಲೆ ಅವೂ ಬತ್ತಿದ್ವು. ದೊಡ್ಡಮ್ಮನ ತೋಟದ ಬಾವಿ ಮೇಲೆ ಈಗ ಒಂದು ಲೇಔಟ್‌ನ ಪಾರ್ಕಿದೆ.

ಅದೇ 1896ರಲ್ಲಿ ದೂರದ ಅಥೆನ್ಸ್‌ನಲ್ಲಿ ಹೊಸ ಕಾಲದ ಮೊದಲ ಒಲಿಂಪಿಕ್ಸ್ ನಡೀತು. ಈಜಿನಲ್ಲಿ ನಾಲ್ಕು ಪಂದ್ಯ, ಅದೂ ಸಮುದ್ರದಲ್ಲಿ, ಎಲ್ಲ ಗಂಡಸರಿಗೇ. ಬೆಂಗಳೂರಿಗೂ ಅಥೆನ್ಸಿಗೂ ಸಂಬಂಧ ಇಲ್ಲ, ವರ್ಷ ಒಂದೇ ಆಗಿದ್ದು ಕಾಕತಾಳೀಯ. ಆದ್ರೂ ನನಗೆ ಅದು ನೆನಪಲ್ಲಿ ನಿಂತುಬಿಟ್ಟಿದೆ. ಇಲ್ಲಿ ಬಾವಿ ಈಜು ಕಮ್ಮಿಯಾಗೋ ಕಾಲ ಶುರುವಾದ ಹೊತ್ತಿಗೆ ಅಲ್ಲಿ ಈಜು ಅಂದ್ರೆ ಪಂದ್ಯ ಅನ್ನೋ ಕಾಲ ಶುರುವಾಯ್ತು. ಈಜು ಸಾವಿರಾರು ವರ್ಷದ್ದು. ಪಂದ್ಯ ನಿನ್ನೆ ಮೊನ್ನೆಯ ಸೊಸೆ.

ಆದರೆ ಸೊಸೇನ ಸುಮ್ನೆ ಬೈಯೋದು ತಪ್ಪು. ಯಾಕೆ ಅಂದ್ರೆ, ಹೆಂಗಸರಿಗೆ ಪಂದ್ಯಕ್ಕೆ ಹೋಗೋದೇ ಒಂದು ಹೋರಾಟ ಆಗಿತ್ತು. ಒಲಿಂಪಿಕ್ಸ್‌ನಲ್ಲಿ ಹೆಂಗಸರ ಈಜು ಸೇರಿದ್ದು 1912ರಲ್ಲಿ, ಸ್ಟಾಕ್‌ಹೋಮ್‌ನಲ್ಲಿ. ಆಸ್ಟ್ರೇಲಿಯಾದ ಫ್ಯಾನಿ ಡ್ಯೂರಕ್, ಮೀನಾ ವೈಲಿ ಅನ್ನೋ ಇಬ್ಬರು ಹೋಗಬೇಕು ಅಂದಾಗ ಅಡ್ಡ ಬಂದಿದ್ದು ಅವರ ಊರಿನ ಹೆಂಗಸರ ಈಜು ಸಂಘದ್ದೇ ನಿಯಮ. ಗಂಡಸರಿರೋ ಕಡೆ ನಮ್ಮ ಹುಡುಗಿಯರು ಸ್ಪರ್ಧಿಸಬಾರದು ಅಂತ. ಜನ ಗಲಾಟೆ ಮಾಡಿದ ಮೇಲೆ ಆ ನಿಯಮ ಬಿತ್ತು, ಪ್ರಯಾಣಕ್ಕೆ ಚಂದಾ ಎತ್ತಿದ್ರು. ಹೋದವರು 100 ಮೀಟರ್ ಪಂದ್ಯದಲ್ಲಿ ಚಿನ್ನ, ಬೆಳ್ಳಿ ಎರಡನ್ನೂ ತಂದ್ರು. ಅವರು ಹೋಗದೆ ಇದ್ದಿದ್ರೆ ನಾನಿವತ್ತು ಈಜುಡುಗೆ ಹಾಕ್ಕೊಂಡು ಕೊಳಕ್ಕೆ ಇಳಿಯಕ್ಕಾಗ್ತಿತ್ತೋ ಇಲ್ವೋ.

ನಮ್ಮ ದೇಶದ ಆರತಿ ಸಾಹ ಅವರ ಕತೆ ನಿಮಗೆ ಗೊತ್ತಿರಬಹುದು. ಕಲ್ಕತ್ತಾದ ಹುಡುಗಿ, 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ಗೆ ಹೋದಾಗ ಇನ್ನೂ ಹನ್ನೆರಡು ತುಂಬಿರ್ಲಿಲ್ಲ. 1959ರ ಆಗಸ್ಟ್‌ನಲ್ಲಿ ಇಂಗ್ಲಿಷ್ ಕಾಲುವೆ ದಾಟೋ ಪಂದ್ಯಕ್ಕೆ ಇಳಿದ್ರು. ಇಂಗ್ಲೆಂಡಿನ ದಡ ಹತ್ತಿರ ಬಂದಿತ್ತು, ಅಷ್ಟರಲ್ಲಿ ನೀರಿನ ಸೆಳವಿಗೆ ಸೋತು ಬಿಡಬೇಕಾಯ್ತು. ಒಂದು ತಿಂಗಳು ಕಳೆದು ಸೆಪ್ಟೆಂಬರ್ 29ಕ್ಕೆ ಮತ್ತೆ ಇಳಿದ್ರು. ಈ ಸಲ ಪಂದ್ಯ ಇಲ್ಲ, ಪಕ್ಕದಲ್ಲಿ ಯಾರೂ ಇಲ್ಲ, ಒಬ್ಬರೇ. 16 ಗಂಟೆ 20 ನಿಮಿಷದಲ್ಲಿ ದಾಟಿದ್ರು. ಏಷ್ಯಾದಲ್ಲೇ ಆ ಕಾಲುವೆ ದಾಟಿದ ಮೊದಲ ಹೆಂಗಸು. ಅವರು ಪಂದ್ಯದಲ್ಲೇ ಬೆಳೆದವರು, ಅದನ್ನ ಮರೆಯಬಾರದು. ಆದ್ರೂ ಅವರ ಹೆಸರು ಉಳಿಸಿದ್ದು ಯಾರ ಜೊತೆಗೂ ಪೈಪೋಟಿ ಇಲ್ಲದೆ ಈಜಿದ ಆ ಒಂದು ದಿನ.

ಇನ್ನು ಕೋಚ್ ಹುಡುಗ ಹೇಳಿದ ಮಾಸ್ಟರ್ಸ್ ಹೆಂಗೆ ಹುಟ್ತು ಗೊತ್ತಾ? ಅಮೆರಿಕದ ನೌಕಾಪಡೇಲಿ ರ್‍ಯಾನ್ಸಮ್ ಆರ್ಥರ್ ಅಂತ ಒಬ್ಬ ಡಾಕ್ಟರ್ ಇದ್ರು. ಕಾಲೇಜು ಮುಗಿಸಿದ ಮೇಲೆ ಜನ ಈಜೋದನ್ನ ಬಿಟ್ಟುಬಿಡ್ತಾರೆ, ಮೈ ಕೆಡಿಸ್ಕೊಳ್ತಾರೆ, ಒಂದು ಪಂದ್ಯ ಇಟ್ರೆ ಅದರ ಆಸೆಗಾದ್ರೂ ದಿನಾ ಅಭ್ಯಾಸ ಮಾಡ್ತಾರೆ ಅನ್ನೋದು ಅವರ ಲೆಕ್ಕ. 1970ರ ಮೇ ತಿಂಗಳಲ್ಲಿ ಟೆಕ್ಸಾಸ್‌ನ ಅಮರಿಲ್ಲೋ ಊರಲ್ಲಿ ಮೊದಲ ಕೂಟ ನಡೀತು. ಬಂದವರು 50 ಜನಾನೂ ಇರ್ಲಿಲ್ಲ. ಅಲ್ಲಿಂದ ಅದು ಲೋಕವೆಲ್ಲ ಹರಡ್ತು, 1986ರಲ್ಲಿ ಟೋಕಿಯೋದಲ್ಲಿ ವಿಶ್ವ ಮಾಸ್ಟರ್ಸ್ ಆಯ್ತು.

ಅಂದ್ರೆ ನೋಡಿ, ಆ ಡಾಕ್ಟರ್ ಪಾಲಿಗೆ ಪಂದ್ಯ ಮಗೂಗೆ ಔಷಧಿ ಕುಡಿಸುವಾಗ ಕೊಡೋ ಬೆಲ್ಲದ ಚೂರು. ಔಷಧಿ ಅಂದ್ರೆ ದಿನದ ಈಜು. ಬೆಲ್ಲ ಬೇಕಾದವರಿಗೆ ಬೆಲ್ಲ. ನಮಗೆ ಔಷಧಿಯೇ ರುಚಿ ಹತ್ತಿಬಿಟ್ಟಿದೆ, ಬೆಲ್ಲ ಇಲ್ಲದಿದ್ರೂ ಕುಡೀತೀವಿ. ಅಮೆರಿಕದ ಆ ಸಂಘಗಳಲ್ಲೂ ವರ್ಷವಿಡೀ ಅಭ್ಯಾಸ ಮಾಡಿ ಪಂದ್ಯದ ಕಡೆ ತಲೆ ಹಾಕದವರು ಬಹಳ ಜನ ಇದ್ದಾರೆ. ನಾವು ಆರು ಜನ ವಿಚಿತ್ರದವರೇನಲ್ಲ.

ನಮ್ಮೂರಿಗೆ ವಾಪಸ್ ಬರ್ತೀನಿ. ಬೆಂಗಳೂರು ದೇಶಕ್ಕೆ ದೊಡ್ಡ ದೊಡ್ಡ ಈಜುಗಾರರನ್ನ ಕೊಟ್ಟ ಊರು. ಇಲ್ಲಿನ ನಿಶಾ ಮಿಲೆಟ್ 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಈಜಿದವರು. ಐದು ವರ್ಷದ ಮಗುವಾಗಿದ್ದಾಗ ಅವರು ನೀರಲ್ಲಿ ಮುಳುಗಿಹೋಗೋದರಲ್ಲಿದ್ರು, ಅದಕ್ಕೇ ಅವರಪ್ಪ ಈಜು ಕಲಿಸಲೇಬೇಕು ಅಂತ ಹಟ ಹಿಡಿದಿದ್ದು. ಮೆಡಲ್ ಎಲ್ಲ ಆಮೇಲೆ ಬಂತು. ಮೊದಲು ಬಂದಿದ್ದು ಭಯ. ಈಗ ಅವರೇ ಬೇರೆಯವರಿಗೆ ಈಜು ಕಲಿಸ್ತಾರೆ. ನಮ್ಮ ಕಡೇನೂ ಈಗ ಸೌಕರ್ಯಕ್ಕೇನು ಕಮ್ಮಿ ಇಲ್ಲ. 1882ರಲ್ಲಿ ಕಟ್ಟಿದ ಸ್ಯಾಂಕಿ ಕೆರೆ ಪಕ್ಕ ಪಾಲಿಕೆಯ ಈಜುಕೊಳ ಇದೆ. ಯಲಹಂಕದಾಚೆ 2017ರಲ್ಲಿ ಶುರುವಾದ ಪಡುಕೋಣೆ-ದ್ರಾವಿಡ್ ಕ್ರೀಡಾ ಕೇಂದ್ರದಲ್ಲಿ ಒಲಿಂಪಿಕ್ ಅಳತೆಯ 50 ಮೀಟರ್ ಕೊಳ ಇದೆ, ಒಲಿಂಪಿಕ್ಸ್ ಕನಸು ಕಾಣೋ ಮಕ್ಕಳು ಅಲ್ಲಿ ತಯಾರಾಗ್ತಾರೆ. ಆ ಮಕ್ಕಳ ಶ್ರಮ ನೋಡಿದ್ರೆ ಕೈ ಮುಗೀಬೇಕು ಅನ್ಸತ್ತೆ. ಪಂದ್ಯ ಅವರಿಗೆ ಬೇಕು, ಅದು ಅವರ ದಾರಿ.

ಈಗ ನನ್ನ ದಾರಿ ವಿಚಾರ. ಇದನ್ನ ಇಲ್ಲೀತನಕ ಬರೆಯದೆ ಇದ್ದಿದ್ದಕ್ಕೆ ಕಾರಣ ಇದೆ.

ದೊಡ್ಡಮ್ಮ ಮೈನೆರೆದ ದಿನದಿಂದ ಬಾವಿಗೆ ಇಳಿಯೋದು ನಿಂತುಹೋಯ್ತು. "ದೊಡ್ಡೋಳಾದೆ, ಇನ್ನು ಬಾವಿ ಕಡೆ ಹೋಗಂಗಿಲ್ಲ." ನಮ್ಮ ಚಿಕ್ಕಮ್ಮ ಅವರಿಗಿಂತ ಎಂಟು ವರ್ಷಕ್ಕೆ ಚಿಕ್ಕೋಳು. ಅವಳಿಗೆ ಈಜು ಕಲಿಯೋ ವಯಸ್ಸು ಬಂದಾಗ ಕಲಿಸಬೇಕಾಗಿದ್ದ ಅಕ್ಕ ಬಾವಿಗಿಳಿಯಂಗಿರ್ಲಿಲ್ಲ. ಗಂಡು ಹುಡುಗರ ಜೊತೆ ಬಿಡಕ್ಕೆ ಮನೇಲಿ ಒಪ್ಪಲಿಲ್ಲ. ಹಂಗಾಗಿ ಚಿಕ್ಕಮ್ಮ ಕಲೀಲೇ ಇಲ್ಲ.

ಚಿಕ್ಕಮ್ಮ ಹೋದಾಗ ನಾನು ಮೂರನೇ ಕ್ಲಾಸು. ಮದುವೆ ಆಗಿ ಎರಡು ವರ್ಷ ಆಗಿತ್ತು ಅವಳಿಗೆ. ಕೆರೇಲಿ ಬಟ್ಟೆ ಒಗೀತಿದ್ದಾಗ ಒಂದು ಸೀರೆ ತೇಲ್ಕೊಂಡು ಹೋಯ್ತು, ಹಿಡಿಯಕ್ಕೆ ನಾಲ್ಕು ಹೆಜ್ಜೆ ಇಟ್ಟಳು. ಇಟ್ಟಿಗೆ ಗೂಡಿನವರು ಮಣ್ಣು ತೆಗೆದ ಗುಂಡಿ ನೀರಡಿಯಲ್ಲಿತ್ತು. ದಡದಲ್ಲಿ ಐದು ಜನ ಹೆಂಗಸರಿದ್ರು. ಒಬ್ಬರಿಗೂ ಈಜು ಬರ್ತಿರ್ಲಿಲ್ಲ. ಗಂಡಸರು ಓಡಿ ಬರೋ ಹೊತ್ತಿಗೆ ಆಗಿಹೋಗಿತ್ತು. ದಡದಿಂದ ಎಷ್ಟು ದೂರ ಅಂತ ಆಮೇಲೆ ಅಪ್ಪ ಹೇಳಿದ್ರು. ಮೂರು ಮಾರು. ಅಷ್ಟೇ.

ಅಲ್ಲಿಂದ ನಮ್ಮನೇಲಿ ಮಕ್ಕಳನ್ನ ನೀರಿನ ಹತ್ರ ಬಿಡ್ತಿರ್ಲಿಲ್ಲ. ನಾನು ಈಜು ಕಲ್ತಿದ್ದು 44ನೇ ವಯಸ್ಸಲ್ಲಿ, ಮಗಳ ಮದುವೆ ಮುಗಿಸಿದ ಮೇಲೆ. ಮೊದಲ ತಿಂಗಳು ಮುಖ ನೀರಿಗಿಡಕ್ಕೇ ಕೈ ನಡುಗ್ತಿತ್ತು. 25 ಮೀಟರ್ ಅಂದ್ರೆ ಹೆಚ್ಚುಕಮ್ಮಿ ಹದಿನಾಲ್ಕು ಮಾರು. ಮೊದಲ ಸಲ ಆ ಕೊನೆ ಮುಟ್ಟಿದ ದಿನ ಗೋಡೆ ಹಿಡ್ಕೊಂಡು ಅತ್ತೆ. ನೀರಲ್ಲೇ ಇದ್ದೆನಲ್ಲ, ಯಾರಿಗೂ ಗೊತ್ತಾಗ್ಲಿಲ್ಲ. ಆವತ್ತು ಸಂಜೆ ದೊಡ್ಡಮ್ಮನ ಹತ್ರ ಹೋಗಿ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು, "ನಾನು ಅವ್ಳಿಗೆ ಕಲಿಸ್ಬೇಕಿತ್ತು," ಅಂದ್ರು. ಸುಮಾರು ಮೂವತ್ತೈದು ವರ್ಷ ಆ ಮಾತನ್ನ ಒಳಗಿಟ್ಟುಕೊಂಡಿದ್ರು ಅಂತ ಕಾಣತ್ತೆ. "ನಿಮ್ಮನ್ನ ಬಿಡ್ಲಿಲ್ಲವಲ್ಲ ದೊಡ್ಡಮ್ಮ," ಅಂದೆ. ಅದಕ್ಕೆ ಅವರು ಏನೂ ಹೇಳ್ಲಿಲ್ಲ.

ಅದಕ್ಕೇ ಈಗ ಬಟ್ಟೆ ಹೊಲಿಯೋಳ ವಿಚಾರಕ್ಕೆ ಬರ್ತೀನಿ. ಅವಳು ಯಾಕೆ ತಲೆ ಆಡಿಸಿದ್ಲು ಅಂತ ಒಂದು ದಿನ ಬಟ್ಟೆ ಬದಲಾಯಿಸೋ ರೂಮಲ್ಲಿ ಕೇಳಿದೆ. "ನನಗೆ ಆಸೆ ಇದೆ ಅಕ್ಕ. ಪಂದ್ಯ ಅಂದ್ರೆ ಫೋಟೋ ತೆಗೀತಾರೆ. ಈಜುಡುಗೇಲಿರೋದು ನಮ್ಮತ್ತೆ ನೋಡಿದ್ರೆ ಇಲ್ಲಿಗೆ ಬರೋದೂ ನಿಲ್ಲತ್ತೆ," ಅಂದ್ಲು. ಆವತ್ತು ನನಗೆ ಒಂದು ಸಂಗತಿ ತಿಳೀತು. ಹೊರಗಿಂದ ನೋಡಿದ್ರೆ ನಾವು ಆರೂ ಜನ ಒಂದೇ, ಪಂದ್ಯ ಬೇಡ ಅಂದವರು. ಆದರೆ ನಾನು ಬೇಡ ಅಂದಿದ್ದು ನನ್ನಿಷ್ಟ. ಅವಳು ಬೇಡ ಅಂದಿದ್ದು ಅವಳಿಷ್ಟ ಅಲ್ಲ. ಡ್ಯೂರಕ್‌ಗೆ ಅಡ್ಡ ಬಂದ ನಿಯಮ, ದೊಡ್ಡಮ್ಮನ್ನ ಬಾವಿಯಿಂದ ಮೇಲೆ ಹತ್ತಿಸಿದ ಮಾತು, ಇವಳ ಅತ್ತೆ ಭಯ, ಮೂರೂ ಒಂದೇ. ಬಾಗಿಲು ತೆಗೆದಿದ್ದು, ನಾನು ಒಳಗೆ ಹೋಗದೆ ಇದ್ರೆ ಅದು ಆಯ್ಕೆ. ಬಾಗಿಲೇ ಹಾಕಿದ್ರೆ ಅದಕ್ಕೆ ಆ ಹೆಸರು ಕೊಡಬಾರದು.

ಹೋದ ವರ್ಷ ಅವಳು ಹೆಸರು ಕೊಟ್ಲು. ಅತ್ತೆ ಹತ್ರ ಮಾತಾಡಕ್ಕೆ ಟೀಚರೇ ಅವರ ಮನೆಗೆ ಹೋಗಿದ್ರು, ಮೊಮ್ಮಕ್ಕಳಿಗೆ ಟ್ಯೂಷನ್ ಹೇಳಿಕೊಡ್ತೀನಿ ಅನ್ನೋ ನೆಪದಲ್ಲಿ. ಐದು ಜನವೂ ಹೋಗಿ ಕೂಗಿ ಕೂಗಿ ಗಂಟಲು ಕಟ್ಟಿಸ್ಕೊಂಡ್ವಿ. ಅವಳಿಗೆ ನಾಲ್ಕನೇ ಸ್ಥಾನ ಬಂತು. ಮಾರನೇ ದಿನ ಬೆಳಗ್ಗೆ ಯಥಾಪ್ರಕಾರ 60 ಸಲ.

ನಮ್ಮ ನಾದಿನಿಗೆ ಇದು ನನ್ನ ಉತ್ತರ. ಮೆಡಲ್ ತಂದಿಲ್ಲ ಕಣಮ್ಮ. ಮೂರು ಮಾರು ದೂರ ಹೋಗಿ ವಾಪಸ್ ಬರೋದನ್ನ ಕಲ್ತಿದ್ದೀನಿ, ಅದನ್ನ ಮರೀಬಾರದು ಅಂತ ದಿನಾ ಮಾಡ್ತೀನಿ. ಆಮೇಲೆ, ದೊಡ್ಡಮ್ಮ ಹೇಳಿದ ಹಾಗೆ, ಕಿವಿ ಮುಚ್ಚಿಕೊಳ್ಳತ್ತೆ. ಆ ಮುಕ್ಕಾಲು ಗಂಟೆ ನಾನು ಯಾರ ಅತ್ತಿಗೆಯೂ ಅಲ್ಲ, ಅತ್ತೆಯೂ ಅಲ್ಲ.

ಕೊನೇದಾಗಿ ಎಲ್ಲರಿಗೂ ಒಂದು ಮಾತು. ನಮ್ಮ ಕೋಚ್ ನಮಗೆ ಹೇಳಿಕೊಟ್ಟಿದ್ದು: ಯಾರಾದ್ರೂ ಮುಳುಗ್ತಿದ್ರೆ, ಈಜು ಬಂದ್ರೂ ಸರಿ, ತಕ್ಷಣ ಧುಮುಕಬೇಡಿ. ಗಾಬರೀಲಿ ಇರೋರು ನಿಮ್ಮನ್ನೂ ಅಪ್ಪಿಕೊಂಡು ಮುಳುಗಿಸ್ತಾರೆ. ನೆಲದ ಮೇಲೆ ಭದ್ರವಾಗಿ ಕೂತ್ಕೊಂಡೋ ಮಲಗ್ಕೊಂಡೋ ಸೀರೆ, ಹಗ್ಗ, ಉದ್ದದ ಕೋಲು ಏನಾದ್ರೂ ಚಾಚಿ. ಬಾಯಿ ಬಿಗಿಯಾಗಿ ಮುಚ್ಚಿದ ಖಾಲಿ ನೀರಿನ ಕ್ಯಾನ್ ಎಸೆಯಿರಿ, ಹಿಡ್ಕೊಂಡು ತೇಲ್ತಾರೆ. ಕೂಗಿ ಜನ ಸೇರಿಸಿ. ಅವತ್ತು ಆ ಐದು ಜನಕ್ಕೆ ಇದನ್ನ ಯಾರಾದ್ರೂ ಹೇಳಿಕೊಟ್ಟಿದ್ರೆ ಅಂತ ಈಗಲೂ ಅಂದ್ಕೊಳ್ತೀನಿ. ಒಗೆಯಕ್ಕೆ ತಂದಿದ್ದ ಸೀರೆಗಳು ದಡದಲ್ಲೇ ಬಿದ್ದಿದ್ವು.

ಹೆಂಗಸರ ಹೊಸ ಬ್ಯಾಚು ಬೇಸಿಗೆ ರಜೆಗೆ ಶುರುವಾಗತ್ತೆ. ವಯಸ್ಸು ಕೇಳಲ್ಲ. ಬರೋರು ಹೇಳಿ, ಒಟ್ಟಿಗೆ ಹೋಗೋಣ. ಹಂಗೇ, ನಿಮ್ಮನೇ ಅಜ್ಜಿ, ದೊಡ್ಡಮ್ಮ ಯಾರಾದ್ರೂ ಬಾವೀಲಿ ಈಜ್ತಿದ್ರಾ ಅಂತ ಒಂದ್ಸಲ ಕೇಳಿ ನೋಡಿ. ಬಹಳ ಜನ ಈಜ್ತಿದ್ರು ಅಂತ ನನಗನ್ನಿಸತ್ತೆ. ಯಾರೂ ಕೇಳಿಲ್ಲ, ಅದಕ್ಕೆ ಅವರೂ ಹೇಳಿಲ್ಲ.